ಉಪ್ಪುನೀರಿಗೆ ಪಂಚಾಯತದ ಗಡಿ ಗೊತ್ತಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಉಪನ್ಯಾಸಕರು ನಮ್ಮ ಶಾಲೆಯ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನಗೆ ಮೊದಲು ಕೊಟ್ಟ ವಿಷಯ ‘ಕಂಪ್ಯೂಟರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’. ಅದನ್ನು ಹೇಳಲು ನನಗಿಂತ ಚೆನ್ನಾಗಿ ತಿಳಿದವರು ಬಹಳ ಮಂದಿ ಇದ್ದಾರೆ, ಮೊಬೈಲಿನಲ್ಲೂ ಸಿಗುತ್ತಾರೆ. ಆದ್ದರಿಂದ ಬೇರೆ ವಿಷಯ ಕೇಳಿಕೊಂಡೆ. ಸಮುದ್ರದ ಮಟ್ಟ ಏರುತ್ತಿದೆ, ಅದಕ್ಕೆ ನಮ್ಮಂಥ ಹೊಳೆ ಬಾಯಿಯ ಊರುಗಳು ಏನು ಮಾಡಬೇಕು, ಯಾರು ಯಾರ ಜೊತೆ ಕುಳಿತು ಮಾತಾಡಬೇಕು ಎಂಬುದು ಆ ವಿಷಯ. ಸಮಿತಿಯವರು ಸ್ವಲ್ಪ ಅನುಮಾನಿಸಿದರೂ ಒಪ್ಪಿಕೊಂಡರು. ಅವರಿಗೆ ಧನ್ಯವಾದ.

ಮೊದಲು ಒಂದಿಷ್ಟು ಅಂಕಿ. ನಮ್ಮ ಶಾಲೆಗೆ ಐವತ್ತು ವರ್ಷ. ಈ ಐವತ್ತು ವರ್ಷಗಳಲ್ಲಿ ಜಗತ್ತಿನ ಸಮುದ್ರ ಸರಾಸರಿ ಎಷ್ಟು ಏರಿತು? ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2021ರಲ್ಲಿ ಕೊಟ್ಟ ವರದಿಯ ಪ್ರಕಾರ 1971ರಿಂದ 2006ರ ತನಕ ವರ್ಷಕ್ಕೆ ಸುಮಾರು 1.9 ಮಿಲಿಮೀಟರ್, 2006ರಿಂದ 2018ರ ತನಕ ವರ್ಷಕ್ಕೆ 3.7 ಮಿಲಿಮೀಟರ್. ಕೂಡಿಸಿ ನೋಡಿದರೆ ಶಾಲೆ ಶುರುವಾದಾಗಿನಿಂದ ಇಂದಿನವರೆಗೆ 12–13 ಸೆಂಟಿಮೀಟರ್ ಆಗುತ್ತದೆ. ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ‘ಇಷ್ಟೇನಾ’ ಅನಿಸಬಹುದು. ಆದರೆ ಗಮನಿಸಿ, ವೇಗ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. 2100ರ ಹೊತ್ತಿಗೆ, ಹೊಗೆ ಉಗುಳುವುದನ್ನು ಜಗತ್ತು ಬಹಳ ಬೇಗ ಕಡಿಮೆ ಮಾಡಿದರೂ 28ರಿಂದ 55 ಸೆಂ.ಮೀ., ಮಾಡದೇ ಇದ್ದರೆ 63 ಸೆಂ.ಮೀ.ನಿಂದ 1 ಮೀಟರ್‌ವರೆಗೆ ಏರಬಹುದು ಎಂದು ಅದೇ ವರದಿ ಹೇಳುತ್ತದೆ. ನಮ್ಮ ಶಾಲೆಯ ಶತಮಾನೋತ್ಸವ ಆ ದಾರಿಯ ನಡುವೆ ಎಲ್ಲೋ ಬರುತ್ತದೆ. ಇಲ್ಲಿ ಕುಳಿತ ಎಂಟನೇ ತರಗತಿಯ ಮಕ್ಕಳಿಗೆ ಆಗ ಅರವತ್ತು ದಾಟಿರುತ್ತದೆ, ಅವರೇ ಆ ಸಮಾರಂಭದ ಅಧ್ಯಕ್ಷತೆ ವಹಿಸುವವರು.

ಅರ್ಧ ಗೇಣು ನೀರು ದೊಡ್ಡ ಸಂಗತಿ ಏಕೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗುತ್ತದೆ. ಅಘನಾಶಿನಿ ದಂಡೆಯವರಿಗೆ ಬೇಡ. ಗಜನಿಯ ಒಡ್ಡಿನ ನೆತ್ತಿಗೂ ದೊಡ್ಡ ಉಬ್ಬರದ ನೀರಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂಬುದು ಇಲ್ಲಿ ಗದ್ದೆ ಮಾಡಿದ ಎಲ್ಲರಿಗೂ ಗೊತ್ತು. ಆ ಅಂತರದಲ್ಲಿ ಅರ್ಧ ಗೇಣು ಹೋದರೆ ಹುಣ್ಣಿಮೆಯ ರಾತ್ರಿ ಗಾಳಿ ಎದ್ದಾಗ ಒಡ್ಡಿನ ಮೇಲೆ ನೀರು ಹಾಯುತ್ತದೆ.

ಗಜನಿಯ ಮಾತು ಬಂದಿದ್ದರಿಂದ ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನಾನು ಇಂದು ಹೇಳಬೇಕಾದದ್ದು ಅದರೊಳಗೇ ಇದೆ. ಮಕ್ಕಳಲ್ಲಿ ಹಲವರು ಗಜನಿ ಎಂದರೆ ಸಿಗಡಿ ಕೆರೆ ಎಂದೇ ತಿಳಿದಿದ್ದಾರೆ. ಮೊದಲು ಹಾಗಿರಲಿಲ್ಲ. ಹೊಳೆಯ ಉಪ್ಪುನೀರು ಬಂದು ಹೋಗುವ ತಗ್ಗು ನೆಲಕ್ಕೆ ಮಣ್ಣು ಕಲ್ಲುಗಳ ಒಡ್ಡು ಕಟ್ಟಿ, ಅಲ್ಲಲ್ಲಿ ಮರದ ಹಲಗೆಯ ಬಾಗಿಲು ಇಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಮಳೆ ಹಿಡಿದ ಮೇಲೆ ಹೊಳೆಯ ನೀರೇ ಸಿಹಿಯಾಗುತ್ತದೆ, ಮಣ್ಣಿನ ಉಪ್ಪು ತೊಳೆದು ಹೋಗುತ್ತದೆ. ಕಗ್ಗ ಎತ್ತರಕ್ಕೆ ಬೆಳೆಯುವ ತಳಿ. ಸ್ವಲ್ಪ ಉಪ್ಪು ತಡೆಯುತ್ತದೆ, ನೆರೆ ಬಂದು ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಔಷಧ ಕೇಳುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ ಅದರೊಂದಿಗೆ ಮೀನು, ಸಿಗಡಿ ಬರುತ್ತಿದ್ದವು. ಒಂದೇ ನೆಲ, ವರ್ಷಕ್ಕೆ ಎರಡು ಬೆಳೆ, ಒಂದು ಭತ್ತ, ಇನ್ನೊಂದು ಮೀನು.

ಈ ವ್ಯವಸ್ಥೆಯಲ್ಲಿ ನನ್ನನ್ನು ಆಕರ್ಷಿಸುವುದು ಭತ್ತದ ತಳಿಗಿಂತ ಆ ಹಲಗೆಯ ಬಾಗಿಲು. ಅದನ್ನು ಯಾವಾಗ ಮುಚ್ಚಬೇಕು, ಯಾವಾಗ ತೆಗೆಯಬೇಕು ಎಂದು ಒಬ್ಬನೇ ತೀರ್ಮಾನಿಸುವಂತಿರಲಿಲ್ಲ. ನನ್ನ ಗದ್ದೆಯ ಒಡ್ಡು ಎಷ್ಟೇ ಗಟ್ಟಿಯಿರಲಿ, ಪಕ್ಕದವನ ಒಡ್ಡು ಒಡೆದರೆ ಉಪ್ಪುನೀರು ನನ್ನ ಗದ್ದೆಗೂ ಬರುತ್ತದೆ. ಹೀಗಾಗಿ ಮಳೆಗಾಲದ ಮುಂಚೆ ಎಲ್ಲರೂ ಸೇರಿ ಒಡ್ಡು ದುರಸ್ತಿ ಮಾಡಲೇಬೇಕಿತ್ತು, ಬಾಗಿಲಿನ ವೇಳೆಯನ್ನು ಎಲ್ಲರೂ ಒಪ್ಪಲೇಬೇಕಿತ್ತು. ಇದನ್ನು ಹೇಳುವಾಗ ಹಳೆಯದನ್ನೆಲ್ಲ ಹೊಗಳುವ ಉದ್ದೇಶ ನನಗಿಲ್ಲ. ಒಡ್ಡಿಗೆ ಮಣ್ಣು ಹೊತ್ತವರು ಒಬ್ಬರು, ಪಹಣಿಯಲ್ಲಿ ಹೆಸರಿದ್ದವರು ಇನ್ನೊಬ್ಬರು ಎಂಬ ಕಾಲ ಅದು. ಆದರೆ ನೀರಿನ ಮಟ್ಟಿಗೆ ಎಲ್ಲರೂ ಒಂದೇ ದೋಣಿಯಲ್ಲಿದ್ದಾರೆ ಎಂಬ ತಿಳಿವಳಿಕೆ ಮಾತ್ರ ಅವರಿಗಿತ್ತು.

ಸುಮಾರು ನಮ್ಮ ಶಾಲೆ ಹುಟ್ಟಿದ ಕಾಲದಲ್ಲೇ, 1970ರ ದಶಕದಲ್ಲಿ, ಸರಕಾರ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಒಡ್ಡು ಕಟ್ಟಿಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಅದರೊಂದಿಗೆ ಒಡ್ಡು ‘ನಮ್ಮದು’ ಹೋಗಿ ‘ಇಲಾಖೆಯದು’ ಆಯಿತು. ಬಿರುಕು ಬಿಟ್ಟರೆ ಅರ್ಜಿ, ಅರ್ಜಿಯ ನಂತರ ಅಂದಾಜುಪಟ್ಟಿ, ಅಂದಾಜುಪಟ್ಟಿಯ ನಂತರ ಟೆಂಡರು, ಅಷ್ಟರಲ್ಲಿ ಎರಡು ಮಳೆಗಾಲ. ಆಮೇಲೆ ಸಿಗಡಿಗೆ ಬೆಲೆ ಬಂತು, ಗಜನಿಗಳನ್ನು ಗುತ್ತಿಗೆಗೆ ಕೊಟ್ಟರು, ಬಾಗಿಲಿನ ಹಕ್ಕು ಗುತ್ತಿಗೆದಾರನ ಕೈಗೆ ಹೋಯಿತು. ಅವನಿಗೆ ಮಳೆಗಾಲದಲ್ಲೂ ಉಪ್ಪುನೀರೇ ಬೇಕು. ಕಗ್ಗ ಬೆಳೆಯುವ ಹೊಲಗಳು ಒಂದೊಂದಾಗಿ ಬೀಳುಬಿದ್ದವು. ಮಾಣಿಕಟ್ಟಾದ ಕಡೆ ಕೆಲವು ರೈತರು ಹಟ ಹಿಡಿದು ಬೀಜ ಉಳಿಸಿಕೊಂಡಿದ್ದಾರೆ, ಅವರ ದಯದಿಂದ ಕಗ್ಗ ಇನ್ನೂ ಇದೆ.

ಈಗ ಒಡ್ಡಿನಿಂದ ಹೊರಗೆ ಬಂದು ಇಡೀ ಕರಾವಳಿಯನ್ನು ನೋಡೋಣ. ಚೆನ್ನೈನಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿತು. ಕರ್ನಾಟಕದ ಸುಮಾರು 313 ಕಿಲೋಮೀಟರ್ ತೀರದಲ್ಲಿ 74 ಕಿಲೋಮೀಟರಿನಷ್ಟು ಕೊರೆಯುತ್ತಿದೆ, ಅಂದರೆ ಶೇಕಡಾ 24ರಷ್ಟು. ಬೆಂಗಳೂರಿನ ಸಿಸ್ಟೆಪ್ ಸಂಸ್ಥೆಯ 2024ರ ವರದಿ, 2040ರ ಹೊತ್ತಿಗೆ ಮಂಗಳೂರು, ಉಡುಪಿಗಳಲ್ಲಿ ಶೇಕಡಾ 1ರಿಂದ 5ರಷ್ಟು ನೆಲ ನೀರಿಗೆ ಹೋಗಬಹುದೆಂದು ಅಂದಾಜು ಮಾಡಿದೆ. ನಮ್ಮ ಕುಮಟಾ, ಅಂಕೋಲಾಗಳು ಆ ಪಟ್ಟಿಯಲ್ಲಿಲ್ಲ. ನಾವು ಸುರಕ್ಷಿತ ಎಂದು ಇದರ ಅರ್ಥವಲ್ಲ, ಅವರು ಆರಿಸಿಕೊಂಡದ್ದು ಪಟ್ಟಣಗಳನ್ನು ಅಷ್ಟೇ.

ಕೊರೆತ ಬಂದಾಗ ನಾವು ಕೇಳುವುದು ಒಂದೇ, ಕಲ್ಲು ಹಾಕಿ. ಮನೆಯ ಅಂಗಳಕ್ಕೆ ತೆರೆ ಬಂದವರು ಬೇರೇನು ಕೇಳಿಯಾರು? ಅವರ ಕೂಗಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ತೀರದುದ್ದಕ್ಕೂ ಹೊಯಿಗೆ ಸುಮ್ಮನೆ ನಿಂತಿರುವುದಿಲ್ಲ. ತೆರೆಗಳು ಓರೆಯಾಗಿ ಬಂದು ಹೊಯಿಗೆಯನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುತ್ತಲೇ ಇರುತ್ತವೆ. ಒಂದು ಕಡೆ ಗೋಡೆ ಕಟ್ಟಿದರೆ, ಅಡ್ಡಗೋಡೆ ಚಾಚಿದರೆ, ಹೊಳೆಬಾಯಿಗೆ ಅಲೆ ತಡೆಗೋಡೆ ಹಾಕಿದರೆ, ಮುಂದಿನ ಊರಿಗೆ ಬರಬೇಕಾದ ಹೊಯಿಗೆ ಬರುವುದಿಲ್ಲ. ಗೋಡೆ ಮುಗಿಯುವ ತುದಿಯಲ್ಲಿ ತೆರೆ ಇನ್ನೂ ಜೋರಾಗಿ ಕೊರೆಯುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದೊಡ್ಡ ಕಾಮಗಾರಿ ನಡೆಯಿತು, ಸಮುದ್ರದೊಳಗೆ ಕಲ್ಲಿನ ದಿಬ್ಬಗಳನ್ನೂ ನಿರ್ಮಿಸಿದರು. ಆಮೇಲೂ ಅದರ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲದ ಕಡೆ ಮನೆ, ರಸ್ತೆ ಕೊಚ್ಚಿಹೋದ ಸುದ್ದಿಯನ್ನು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವೆ.

ಒಂದು ದಡದಲ್ಲಿ ಆದದ್ದು ಇನ್ನೊಂದು ದಡಕ್ಕೆ ಹೇಗೆ ಹೊಡೆಯುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿಯ ಬದಿಗೆ. ಮಣ್ಣು ಗಂಗಾವಳಿಗೆ ಬಿದ್ದು ನೀರು ಎದ್ದು ಬಡಿದದ್ದು ಎದುರು ದಡದ ಉಳುವರೆಗೆ. ಅದು ಸಮುದ್ರ ಏರಿಕೆಯ ಸಂಗತಿಯಲ್ಲ, ನನಗೆ ಗೊತ್ತು. ಆದರೆ ಹೊಳೆಗೆ ಎರಡು ದಡವಿದೆ, ದಡಗಳಿಗೆ ಎರಡು ಪಂಚಾಯತವಿದೆ ಎಂಬುದನ್ನು ನಮ್ಮ ಜಿಲ್ಲೆಗೆ ಅಷ್ಟು ಕ್ರೂರವಾಗಿ ತೋರಿಸಿದ ಘಟನೆ ಇನ್ನೊಂದಿಲ್ಲ.

ಇನ್ನು ನಾನು ಸ್ವಲ್ಪ ದೂರದ ಊರಿನ ಮಾತು ಹೇಳುತ್ತೇನೆ. ಕೆಲಸದ ಮೇಲೆ ನಾಲ್ಕು ವರ್ಷ ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆ. ಅದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿ. ಕೊಲ್ಲಿ ಎಂದರೆ ಹೊರ ಸಮುದ್ರಕ್ಕೆ ಒಂದು ಸಣ್ಣ ಬಾಯಿ, ಒಳಗೆ ದೊಡ್ಡ ಹಿನ್ನೀರು, ನಮ್ಮ ತದಡಿಯ ಒಳಗಿನ ನೀರನ್ನೇ ಎಷ್ಟೋ ಪಟ್ಟು ದೊಡ್ಡದು ಮಾಡಿದಂತೆ. ಅಲ್ಲಿ ಮೊದಲ ಸಲ ದಂಡೆಗೆ ಹೋದಾಗ ನನಗೆ ಅಚ್ಚರಿಯಾದದ್ದು ಉಪ್ಪಿನ ಕಟ್ಟೆಗಳನ್ನು ಕಂಡು. ಸಾಣಿಕಟ್ಟಾದಂತೆಯೇ ಮಣ್ಣಿನ ಒಡ್ಡು, ಒಳಗೆ ನಿಂತ ನೀರು, ಅಂಚಿನಲ್ಲಿ ಬಿಳಿಯ ಪುಡಿ. ಅದರ ಪಕ್ಕದಲ್ಲೇ ನಮ್ಮ ಕನ್ನಡದ ಹುಡುಗರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೆಲಸ ಮಾಡುವ ದೊಡ್ಡ ದೊಡ್ಡ ಕಂಪನಿಗಳ ಕಚೇರಿಗಳು. ಗೂಗಲ್ ಇರಲಿ, ಮೆಟಾ ಇರಲಿ, ಕೊಲ್ಲಿಯ ಅಂಚಿನ ತಗ್ಗು ನೆಲದ ಮೇಲೇ ಕುಳಿತಿವೆ.

ಆ ಕೊಲ್ಲಿಯ ಬಾಯಿಯಲ್ಲಿ 1854ರಿಂದ ನೀರಿನ ಮಟ್ಟ ಅಳೆಯುತ್ತಿದ್ದಾರೆ. ನೂರು ವರ್ಷಗಳಲ್ಲಿ ಸುಮಾರು 20 ಸೆಂ.ಮೀ. ಏರಿದೆ. ದಕ್ಷಿಣ ತುದಿಯಲ್ಲಿ ಅಲ್ವಿಸೋ ಎಂಬ ಊರಿದೆ. ಸುತ್ತಲಿನ ತೋಟಗಳಿಗೆ, ಪಟ್ಟಣಕ್ಕೆ ಬಾವಿ ಕೊರೆದು ಕೊರೆದು ನೀರೆತ್ತಿದ್ದರಿಂದ ನೆಲವೇ ಕುಸಿದು ಊರಿನ ಭಾಗಗಳು ಸಮುದ್ರ ಮಟ್ಟಕ್ಕಿಂತ ಕೆಳಗಿವೆ. 1983ರಲ್ಲಿ ನೆರೆ ಬಂದು ಊರು ಮುಳುಗಿತ್ತು.

ಕೊಲ್ಲಿಯ ಸುತ್ತ 9 ಕೌಂಟಿಗಳು, 101 ನಗರಗಳು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಪ್ರತಿ ನಗರಕ್ಕೂ ತನ್ನದೇ ಕೌನ್ಸಿಲ್, ತನ್ನದೇ ತೆರಿಗೆ, ತನ್ನದೇ ಯೋಜನೆ. ಫಾಸ್ಟರ್ ಸಿಟಿ ಎಂಬ ಊರು ತುಂಬಿಸಿದ ನೆಲದ ಮೇಲೆ ಕಟ್ಟಿದ್ದು. ಅಲ್ಲಿನ ಒಡ್ಡು ಸಾಲದೆಂದು ಕೇಂದ್ರ ಸರಕಾರ ಹೇಳಿದ ಮೇಲೆ ಊರಿನವರು 2018ರಲ್ಲಿ ಮತ ಹಾಕಿ 9 ಕೋಟಿ ಡಾಲರ್ ಸಾಲಕ್ಕೆ ಒಪ್ಪಿ, 2024ರ ಹೊತ್ತಿಗೆ ಎತ್ತರದ ಒಡ್ಡು ಕಟ್ಟಿಕೊಂಡರು. ಅವರ ಮಟ್ಟಿಗೆ ಸರಿಯೇ. ಆದರೆ ಎಲ್ಲ ಊರುಗಳೂ ಹೀಗೇ ತಮ್ಮ ತಮ್ಮ ಗೋಡೆ ಕಟ್ಟುತ್ತ ಹೋದರೆ ಏನಾಗುತ್ತದೆ? 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿತು. ಉಬ್ಬರದ ನೀರು ಮೊದಲು ಯಾವ ತಗ್ಗಿನಲ್ಲಿ ಹರಡಿಕೊಳ್ಳುತ್ತಿತ್ತೋ ಅಲ್ಲಿ ಗೋಡೆ ಬಂದರೆ, ಆ ನೀರು ಕೊಲ್ಲಿಯ ಬೇರೆ ದಂಡೆಯ ಊರುಗಳಿಗೆ ಏರುತ್ತದೆ. ಅಂದರೆ ದುಡ್ಡಿದ್ದ ಊರು ಕಟ್ಟಿದ ಗೋಡೆಯ ಬೆಲೆಯನ್ನು ಬಡ ಊರು ತೆರಬಹುದು. ನಮ್ಮ ಗಜನಿಯ ಹಿರಿಯರಿಗೆ ಈ ಅಧ್ಯಯನ ಓದಿ ಹೇಳಿದ್ದರೆ ‘ಇದಕ್ಕೆ ಕಂಪ್ಯೂಟರ್ ಯಾಕೆ ಬೇಕಿತ್ತು’ ಎನ್ನುತ್ತಿದ್ದರೇನೋ.

ಅಲ್ಲಿಯವರು ಇದಕ್ಕೆ ಕಂಡುಕೊಂಡ ದಾರಿ ಒಂದು ದಿನದ್ದಲ್ಲ. 1961ರಲ್ಲಿ ಬರ್ಕ್ಲಿಯ ಮೂವರು ಮಹಿಳೆಯರು, ಕ್ಯಾಥರೀನ್ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, ಕೊಲ್ಲಿಗೆ ಮಣ್ಣು ತುಂಬುವುದರ ವಿರುದ್ಧ ಚಳವಳಿ ಆರಂಭಿಸಿದರು. ಅದರ ಫಲವಾಗಿ 1965ರಲ್ಲಿ ಇಡೀ ಕೊಲ್ಲಿಯ ದಂಡೆಗೆ ಒಂದೇ ಆಯೋಗ ಬಂತು. ಆಗ ಅದರ ಕೆಲಸ ಕೊಲ್ಲಿ ಕಿರಿದಾಗದಂತೆ ನೋಡುವುದು. ಈಗ ಕೊಲ್ಲಿ ತಾನೇ ಅಗಲವಾಗುತ್ತಿರುವುದನ್ನು ಎದುರಿಸುವ ಕೆಲಸ ಅದರ ತಲೆಗೆ ಬಂದಿದೆ! 2016ರಲ್ಲಿ ಒಂಬತ್ತೂ ಕೌಂಟಿಗಳ ಮತದಾರರು ಒಟ್ಟಿಗೆ ಮತ ಹಾಕಿ, ಪ್ರತಿ ಜಾಗಕ್ಕೆ ವರ್ಷಕ್ಕೆ 12 ಡಾಲರಿನಂತೆ 20 ವರ್ಷ ತೆರಿಗೆ ಕೊಡಲು ಒಪ್ಪಿದರು. ಆ ಹಣ ಹೋಗುವುದು ಜವುಗು ನೆಲ, ದಂಡೆಗಳ ಪುನರುಜ್ಜೀವನಕ್ಕೆ. ಒಟ್ಟು ಮತ ಎಣಿಸಿದ್ದು ಒಂಬತ್ತು ಕೌಂಟಿಗಳದ್ದೂ ಸೇರಿಸಿ. ದಂಡೆಯಿಂದ ದೂರ ಗುಡ್ಡದ ಮೇಲಿರುವವನೂ ಕೊಡುತ್ತಾನೆ. 2020ರಲ್ಲಿ ಸ್ಯಾನ್ ಮಟೇಯೋ ಎಂಬ ಕೌಂಟಿ ತನ್ನ 20 ನಗರಗಳ ಜೊತೆ ಸೇರಿ, ನೆರೆ ಮತ್ತು ಸಮುದ್ರ ಏರಿಕೆಗೆಂದೇ ಪ್ರತ್ಯೇಕ ಸ್ಥಳೀಯ ಸಂಸ್ಥೆ ಮಾಡಿಕೊಂಡಿತು. 2023ರಲ್ಲಿ ರಾಜ್ಯ ಕಾನೂನು ಮಾಡಿತು: ದಂಡೆಯ ಪ್ರತಿ ಸ್ಥಳೀಯ ಸರಕಾರ 2034ರೊಳಗೆ ಸಮುದ್ರ ಏರಿಕೆಯ ಯೋಜನೆ ಸಿದ್ಧಪಡಿಸಬೇಕು. ಕೊಲ್ಲಿಯಲ್ಲಿ ಅದು ಹೇಗಿರಬೇಕೆಂಬ ಮಾರ್ಗಸೂಚಿಯನ್ನು ಆಯೋಗ 2024ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಪ್ರತಿ ಊರೂ ತನ್ನ ಯೋಜನೆಯನ್ನು ಪಕ್ಕದ ಊರಿನ ಯೋಜನೆಯೊಂದಿಗೆ ತಾಳೆ ನೋಡುವಂತೆ ಮಾಡುವುದು ಅದರ ಜೀವಾಳ.

ಅಲ್ಲಿ ಎಲ್ಲವೂ ಸುಸೂತ್ರ ಎಂದು ತಿಳಿಯಬೇಡಿ. 2050ರೊಳಗೆ ಕೊಲ್ಲಿಯ ದಂಡೆ ಕಾಪಾಡಲು 11 ಸಾವಿರ ಕೋಟಿ ಡಾಲರ್ ಬೇಕೆಂದು ಅವರದೇ ಲೆಕ್ಕ, ಏನೂ ಮಾಡದೆ ಕುಳಿತರೆ ನಷ್ಟ 23 ಸಾವಿರ ಕೋಟಿ. ಅಷ್ಟು ಹಣ ಅವರ ಕೈಯಲ್ಲಿ ಇಲ್ಲ. ಸಭೆಗಳಂತೂ ಮುಗಿಯುವುದೇ ಇಲ್ಲ. ಅಂಥ ಒಂದೆರಡು ಸಾರ್ವಜನಿಕ ಸಭೆಗಳಿಗೆ ನಾನೂ ಹೋಗಿದ್ದೆ. ಕುರ್ಚಿ ಚೆನ್ನಾಗಿತ್ತು, ಕಾಫಿ ಚೆನ್ನಾಗಿರಲಿಲ್ಲ, ಜಗಳ ನಮ್ಮ ಗ್ರಾಮಸಭೆಯ ಜಗಳದಂತೆಯೇ ಇತ್ತು. ಆದರೆ ಎರಡು ಸಂಗತಿ ಮನಸ್ಸಿನಲ್ಲಿ ಉಳಿದವು. ಒಂದು, ಭೂಪಟ. ಗೋಡೆಯ ಮೇಲಿನ ಭೂಪಟದಲ್ಲಿ ನೀರು ಎಲ್ಲಿಗೆ ಬರುತ್ತದೆಂದು ಬಣ್ಣದಲ್ಲಿ ತೋರಿಸಿದ್ದರು, ನಗರಗಳ ಗಡಿ ತೆಳ್ಳಗೆ ಮೇಲೆ ಬಿದ್ದಿತ್ತು. ಮೊದಲು ನೀರು, ಆಮೇಲೆ ಗಡಿ. ಎರಡು, ಹಳೆಯ ಉಪ್ಪಿನ ಕಟ್ಟೆಗಳು. 2003ರಲ್ಲಿ ಅಲ್ಲಿನ ಸರಕಾರ ಸುಮಾರು 15 ಸಾವಿರ ಎಕರೆ ಉಪ್ಪಿನ ಕಟ್ಟೆಗಳನ್ನು ಕಂಪನಿಯಿಂದ ಪಡೆದು, ಒಂದೊಂದಾಗಿ ಒಡ್ಡು ಒಡೆದು ಉಬ್ಬರದ ನೀರು ಒಳಗೆ ಬಿಡುತ್ತಿದೆ. ಅಲ್ಲಿ ಮತ್ತೆ ಜವುಗು ಸಸ್ಯ ಬೆಳೆದು ಕೆಸರು ಹಿಡಿದು, ನೆಲ ತಾನೇ ಮೇಲೇರಲಿ, ತೆರೆಯ ಹೊಡೆತ ಅದರ ಮೇಲೆ ಸಾಯಲಿ ಎಂದು. ಕಾಂಡ್ಲಾ ಗಿಡ ಮಾಡುವ ಕೆಲಸವನ್ನು ಅವರು ಕೋಟಿಗಟ್ಟಲೆ ಖರ್ಚು ಮಾಡಿ ವಾಪಸು ತರುತ್ತಿದ್ದಾರೆ. ನಮ್ಮಲ್ಲಿ ಆ ಗಿಡ ಇನ್ನೂ ನಿಂತಿದೆ.

ಈಗ ನಮ್ಮ ಹೊಳೆಗೆ ವಾಪಸು ಬರೋಣ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು, ಅಂತರರಾಷ್ಟ್ರೀಯ ಮಹತ್ವದ ಜವುಗು ಪ್ರದೇಶ ಎಂದು. ಅದರ ಸುತ್ತ ಹೆಗಡೆ, ಕಾಗಾಲ, ಕೋಡ್ಕಣಿ, ದೀವಗಿ, ಮಿರ್ಜಾನ, ಬರ್ಗಿ, ಹಿರೇಗುತ್ತಿ, ತೊರ್ಕೆ, ಗೋಕರ್ಣ ಹೀಗೆ ಊರುಗಳು. ಈ ಊರುಗಳೆಲ್ಲ ಒಂದೇ ನೀರಿಗೆ ಒಡ್ಡಿಕೊಂಡಿವೆ. ಆದರೆ ಆ ನೀರಿನ ಮೇಲೆ ಯಾರ ಅಧಿಕಾರ? ಖಾರ್‌ಲ್ಯಾಂಡ್ ಒಡ್ಡು ಸಣ್ಣ ನೀರಾವರಿ ಇಲಾಖೆಯದು. ಕಡಲ ತಡೆಗೋಡೆ ಬಂದರು ಇಲಾಖೆಯದು. ಕಾಂಡ್ಲಾ ಅರಣ್ಯ ಇಲಾಖೆಯದು. ಸಿಗಡಿ, ಮೀನು ಮೀನುಗಾರಿಕೆ ಇಲಾಖೆಯದು. ಹೊಯಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ಹೆದ್ದಾರಿಯ ಏರಿ, ಅದರ ಕೆಳಗಿನ ಮೋರಿ ಹೆದ್ದಾರಿ ಪ್ರಾಧಿಕಾರದ್ದು, ಅದರಾಚೆಯದು ಕೊಂಕಣ ರೈಲ್ವೆಯದು. ಉಪ್ಪಾದ ಬಾವಿ ಮಾತ್ರ ಪಂಚಾಯತದ್ದು.

ನಮ್ಮ ಕೆಲಸದಲ್ಲಿ ಒಂದು ಅನುಭವವಿದೆ. ದೊಡ್ಡ ಸಾಫ್ಟ್‌ವೇರನ್ನು ಹತ್ತು ತಂಡಗಳು ಹಂಚಿಕೊಂಡು ಬರೆಯುತ್ತವೆ. ಪ್ರತಿ ತಂಡದ ಭಾಗವೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಜೋಡಿಸಿದಾಗ ಕೆಡುತ್ತದೆ. ಕೆಡುವುದು ಹೆಚ್ಚಾಗಿ ಎರಡು ತಂಡಗಳ ನಡುವಿನ ಸಂದಿಯಲ್ಲಿ, ‘ಅದು ಅವರು ನೋಡಿಕೊಳ್ಳುತ್ತಾರೆ’ ಎಂದು ಇಬ್ಬರೂ ಅಂದುಕೊಂಡ ಜಾಗದಲ್ಲಿ. ಹೆದ್ದಾರಿಯ ಏರಿ ನಿಯಮದಂತೆ ಸರಿಯಿರಬಹುದು, ಒಡ್ಡೂ ನಿಯಮದಂತೆ ಸರಿಯಿರಬಹುದು. ಗುಡ್ಡದ ಮಳೆನೀರು ಇಳಿದು ಬರುವ ಹೊತ್ತಿಗೆ ಉಬ್ಬರವೂ ಏರಿದರೆ ಎರಡರ ನಡುವಿನ ಮನೆಗಳು ಮುಳುಗುತ್ತವೆ. ಆ ನಡುವಿನ ಜಾಗ ಯಾರ ಕಡತದಲ್ಲೂ ಇರುವುದಿಲ್ಲ. ಸಮುದ್ರದ ಮಟ್ಟ ಏರಿದಂತೆ ಹೊಳೆನೀರು ಹೊರಗೆ ಇಳಿಯಲು ಸಿಗುವ ಹೊತ್ತು ಕಡಿಮೆಯಾಗುತ್ತದೆ, ಅಂದರೆ ಈ ತೊಂದರೆಯೇ ಮೊದಲು ಹೆಚ್ಚುವುದು.

ಕಾನೂನು ಇಲ್ಲವೇ ಎಂದರೆ, ಇದೆ. ಸಂವಿಧಾನದ 243 ಝಡ್‌ಡಿ ವಿಧಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಎಂದಿದೆ. ಪಂಚಾಯತ, ಪುರಸಭೆಗಳ ಯೋಜನೆಗಳನ್ನು ಜೋಡಿಸುವಾಗ ಎರಡಕ್ಕೂ ಸಂಬಂಧಿಸಿದ ಸ್ಥಳ ಯೋಜನೆ, ನೀರು ಮತ್ತಿತರ ನಿಸರ್ಗ ಸಂಪತ್ತಿನ ಹಂಚಿಕೆ ನೋಡಬೇಕೆಂದು ಅಲ್ಲಿಯೇ ಬರೆದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇದೆ, ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಅದೇ ಅಧಿಸೂಚನೆಯಲ್ಲಿ ‘ಆಪತ್ತಿನ ರೇಖೆ’ ಎಂಬುದೂ ಇದೆ. ನೀರಿನ ಏರಿಳಿತ, ಸಮುದ್ರ ಏರಿಕೆ, ತೀರದ ಬದಲಾವಣೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಭಾರತೀಯ ಸರ್ವೇಕ್ಷಣಾ ಇಲಾಖೆ ಎಳೆದ ಗೆರೆ ಅದು. ಕಟ್ಟಬಾರದು ಎನ್ನುವ ಗೆರೆಯಲ್ಲ, ಯೋಜನೆ ಮಾಡುವಾಗ ನೋಡಿಕೊಳ್ಳಿ ಎನ್ನುವ ಗೆರೆ. ಹಣದ ಮಟ್ಟಿಗೆ, 15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದಲ್ಲಿ ಕೊರೆತ ತಡೆಯಲು 1,500 ಕೋಟಿ ರೂಪಾಯಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ದೇಶಕ್ಕೆಲ್ಲ ಇದು ದೊಡ್ಡ ಮೊತ್ತವೇನಲ್ಲ. ಆದರೆ ಊರು ಬಿಡಬೇಕಾದವರೂ ಇದ್ದಾರೆ, ಅವರಿಗೂ ಯೋಜನೆ ಬೇಕು ಎಂದು ಮೊದಲ ಸಲ ಲೆಕ್ಕಪುಸ್ತಕದಲ್ಲಿ ಒಂದು ಸಾಲು ಬಂತು.

ಹಾಗಾದರೆ ನಾವು ಏನು ಮಾಡಬಹುದು? ಇಲ್ಲಿ ಪಂಚಾಯತ ಸದಸ್ಯರು ಇದ್ದೀರಿ, ಪಿಡಿಒ ಸಾಹೇಬರೂ ಬಂದಿದ್ದೀರಿ, ನಿಮ್ಮೆದುರಲ್ಲಿ ಕೆಲವು ಮಾತು ಇಡುತ್ತೇನೆ.

ಪ್ರತಿ ವರ್ಷ ನೀವು ಗ್ರಾಮ ಪಂಚಾಯತ ಅಭಿವೃದ್ಧಿ ಯೋಜನೆ ತಯಾರಿಸುತ್ತೀರಿ. ಅಂಗನವಾಡಿ, ನೀರಿನ ಟಾಕಿ, ರಸ್ತೆ, ಸಮುದಾಯ ಭವನ ಎಲ್ಲಿ ಎಂದು ತೀರ್ಮಾನಿಸುವ ಮುಂಚೆ ಆ ಆಪತ್ತಿನ ರೇಖೆಯ ನಕಾಶೆಯನ್ನು ಒಮ್ಮೆ ಮೇಜಿನ ಮೇಲೆ ಹರಡಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಅನುದಾನ ಬೇಡ. ಟಾಕಿ ಮೂವತ್ತು ನಲವತ್ತು ವರ್ಷ ನಿಲ್ಲಬೇಕಾದದ್ದು. ನೂರು ಮೀಟರ್ ಮೇಲಕ್ಕೆ ಕಟ್ಟಿದರೆ ಖರ್ಚು ಅಷ್ಟೇ.

ಎರಡನೆಯದು, ಮಳೆಗಾಲದ ಮುಂಚೆ ಹೊಳೆಯ ಎರಡೂ ದಡದ ಪಂಚಾಯತಗಳವರು ಒಂದು ದಿನ ಒಟ್ಟಿಗೆ ಕುಳಿತುಕೊಳ್ಳುವುದು. ಯಾವ ಒಡ್ಡು ಸಡಿಲವಾಗಿದೆ, ಯಾವ ಬಾಗಿಲು ಕೆಟ್ಟಿದೆ, ಯಾವ ಮೋರಿ ಕಟ್ಟಿಕೊಂಡಿದೆ ಎಂದು ಒಂದೇ ಪಟ್ಟಿ ಮಾಡಿ, ಅದನ್ನೇ ಪ್ರತಿ ಗ್ರಾಮಸಭೆಯಲ್ಲೂ ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸುವುದು. ಎರಡು ಗ್ರಾಮಸಭೆಗಳು ಒಂದೇ ಮಾತಿನ ನಿರ್ಣಯ ಮಾಡಬಾರದೆಂದು ಯಾವ ಕಾನೂನೂ ಹೇಳಿಲ್ಲ. ಒಂದು ಊರು ತಡೆಗೋಡೆ ಕೇಳಿದರೆ ಇಲಾಖೆ ಕೊಡಬಹುದು, ಬಿಡಬಹುದು. ಎಂಟು ಹತ್ತು ಊರು ಸೇರಿ ‘ಇಲ್ಲಿ ಗೋಡೆ, ಇಲ್ಲಿ ಕಾಂಡ್ಲಾ, ಇಲ್ಲಿ ಮೋರಿ ಅಗಲ ಮಾಡಿ, ಈ ನಾಲ್ಕು ಮನೆಗಳಿಗೆ ಮೇಲೆ ಜಾಗ ಕೊಡಿ’ ಎಂದು ಬರೆದರೆ ಉತ್ತರ ಕೊಡದೆ ಇರುವುದು ಕಷ್ಟ. ಆ ಸಭೆಗೆ ಗಜನಿಯ ರೈತರು, ಸಿಗಡಿ ಗುತ್ತಿಗೆಯವರು, ಬೆಳಚು ಹೆಕ್ಕುವ ಹೆಂಗಸರು ಮೂವರೂ ಬರಬೇಕು. ಇಳಿತದ ಹೊತ್ತಿನಲ್ಲಿ ಹೊಯಿಗೆ ದಿಬ್ಬ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಆ ಹೆಂಗಸರಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ. ಗೋಡೆ ಎಲ್ಲಿ ಬೇಡ ಎಂಬುದನ್ನು ಒಪ್ಪಿಕೊಳ್ಳುವುದೇ ಈ ಸಭೆಯ ಅತಿ ಕಠಿಣ ಭಾಗ. ಅಲ್ಲಿ ಜಗಳವಾಗುತ್ತದೆ. ಆಗಲಿ. ಆಗಸ್ಟಿನಲ್ಲಿ ನೀರಿನ ನಡುವೆ ಜಗಳವಾಡುವುದಕ್ಕಿಂತ ಮೇ ತಿಂಗಳಿನಲ್ಲಿ ಒಣ ನೆಲದ ಮೇಲೆ ಆಡುವುದು ಲೇಸು.

ಮೂರನೆಯದು ನಮ್ಮ ಶಾಲೆಗೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೂರೆಪ್ಪತ್ತು ವರ್ಷದ ಅಳತೆಯಿದೆ ಎಂದೆನಲ್ಲ. ನಮ್ಮ ಊರಿನ ದಕ್ಕೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದರೆ ‘ಆ ವರ್ಷ ಮೆಟ್ಟಿಲು ಮುಳುಗಿತ್ತು’ ಎಂಬ ನೆನಪು ಮಾತ್ರ ಇದೆ. ಕಚೇರಿಯಲ್ಲಿ ನೆನಪಿಗೆ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವರ್ಷದ ಅತಿ ದೊಡ್ಡ ಉಬ್ಬರದ ದಿನ ಸಾಮಾನ್ಯ ಜನರೇ ದಂಡೆಗೆ ಹೋಗಿ ಫೋಟೋ ತೆಗೆದು ಸರಕಾರಿ ಸಂಸ್ಥೆಗೆ ಕಳಿಸುತ್ತಾರೆ. ಅದನ್ನು ನಮ್ಮ ಒಂಬತ್ತನೇ ತರಗತಿಯವರು ಇನ್ನೂ ಚೆನ್ನಾಗಿ ಮಾಡಬಲ್ಲರು. ದಕ್ಕೆಯ ಕಂಬಕ್ಕೆ ಸೆಂಟಿಮೀಟರ್ ಗುರುತು ಬಳಿಯುವುದು. ಪ್ರತಿ ಹುಣ್ಣಿಮೆ, ಅಮಾವಾಸ್ಯೆಯ ಮರುದಿನಗಳಲ್ಲಿ ಉಬ್ಬರದ ಹೊತ್ತಿಗೆ ದೊಡ್ಡವರೊಬ್ಬರ ಜೊತೆ ಹೋಗಿ ಮಟ್ಟ ಬರೆದುಕೊಂಡು, ಅದೇ ಜಾಗದಿಂದ ಒಂದು ಫೋಟೋ ತೆಗೆಯುವುದು. ಸರ್ವೇಕ್ಷಣಾ ಇಲಾಖೆಯ ಉಬ್ಬರವಿಳಿತದ ಕೋಷ್ಟಕದ ಜೊತೆ ಹೋಲಿಸಿದರೆ ಗಣಿತದ ಪಾಠವೂ ಆಗುತ್ತದೆ. ಬಾವಿಗಳದ್ದೂ ಹಾಗೆಯೇ. ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುತ್ತಾರೆ, ಕ್ಲೋರೈಡ್ ನೋಡುವ ಕಿಟ್ ಪಂಚಾಯತಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಿನಲ್ಲಿ ಅವರ ಜೊತೆ ಹೋಗಿ ಹತ್ತು ಬಾವಿಗಳ ಉಪ್ಪು ಬರೆದಿಟ್ಟರೆ, ಐದು ವರ್ಷದಲ್ಲಿ ಉಪ್ಪು ಎಷ್ಟು ಒಳಗೆ ಬಂತೆಂಬುದು ಕಾಗದದ ಮೇಲೆ ಕಾಣುತ್ತದೆ.

ಒಂದು ಎಚ್ಚರ. ಇಪ್ಪತ್ತು ಮೂವತ್ತು ವರ್ಷ ಬರೆಯದೆ ಆ ಅಳತೆಯಿಂದ ಸಮುದ್ರ ಇಷ್ಟು ಏರಿತು ಎಂದು ಸಾಧಿಸಲಾಗದು. ಮಳೆ, ಗಾಳಿ, ಹೊಯಿಗೆ ದಿಬ್ಬ ಸರಿದದ್ದು ಎಲ್ಲವೂ ಅದರಲ್ಲಿ ಸೇರಿರುತ್ತದೆ. ಆದರೆ ಯಾವ ಒಡ್ಡಿನ ಮೇಲೆ ವರ್ಷಕ್ಕೆ ಎಷ್ಟು ದಿನ ನೀರು ಹಾಯಿತು ಎಂಬುದು ಮೊದಲ ವರ್ಷದಿಂದಲೇ ಉಪಯೋಗಕ್ಕೆ ಬರುತ್ತದೆ. ಇಲಾಖೆಯ ಎಂಜಿನಿಯರು ಅಂದಾಜುಪಟ್ಟಿ ಮಾಡಲು ಬಂದಾಗ ಅವರ ಕೈಗೆ ಕೊಡಲು ನಮ್ಮಲ್ಲಿ ಒಂದು ವಹಿ ಇರುತ್ತದೆ.

ಆ ವಹಿಯ ನಮೂನೆಯನ್ನು ನಾನು ಮತ್ತು ನನ್ನ ತರಗತಿಯ ಇಬ್ಬರು ಗೆಳೆಯರು ಸೇರಿ ತಯಾರು ಮಾಡಿದ್ದೇವೆ. ಆರು ಅಂಕಣ ಮಾತ್ರ: ದಿನಾಂಕ, ತಿಥಿ, ಹೊತ್ತು, ಮಟ್ಟ, ಆ ದಿನದ ಮಳೆ, ಬರೆದವರ ಹೆಸರು. ಮೊದಲು ಕಾಗದದಲ್ಲೇ ಇರಲಿ. ಆಮೇಲೆ ಕಂಪ್ಯೂಟರಿಗೆ ಹಾಕಿ, ಸುತ್ತಲಿನ ಪಂಚಾಯತಗಳಿಗೆಲ್ಲ ಕಾಣುವಂತೆ ಮಾಡುವುದು ನಮ್ಮ ಕೆಲಸ, ಅದಕ್ಕೆ ಶಾಲೆಯಿಂದ ಒಂದು ರೂಪಾಯಿಯೂ ಬೇಡ. ಹತ್ತು ವಹಿಗಳನ್ನು ಬೈಂಡ್ ಮಾಡಿಸಿ ಹೆಡ್‌ಮಾಸ್ತರರಿಗೆ ಕೊಟ್ಟಿದ್ದೇನೆ. ಎದುರು ದಡದ ಹೈಸ್ಕೂಲಿಗೂ ಎರಡು ಕಳಿಸಿದ್ದೇವೆ, ಒಂದೇ ದಡದ ಅಳತೆ ಇಟ್ಟುಕೊಂಡರೆ ಪ್ರಯೋಜನವಿಲ್ಲ. ದಕ್ಕೆಯ ಕಂಬಕ್ಕೆ ಗುರುತು ಬಳಿಯಲು ಪಂಚಾಯತದ ಒಪ್ಪಿಗೆ ಬೇಕು, ಅರ್ಜಿಯನ್ನು ಇವತ್ತೇ ತಂದಿದ್ದೇನೆ. ಸಭೆ ಮುಗಿದ ಮೇಲೆ ಪಿಡಿಒ ಸಾಹೇಬರ ಕೈಗೆ ಕೊಡುತ್ತೇನೆ.